ಟ್ಯಾಂಕಿನ ಎಡಗಡೆ

ಟ್ಯಾಂಕಿನ ಬಲಗಡೆ ಬಳಿದು ಮುಗಿಸುವಷ್ಟರಲ್ಲಿ ಹಸಿರು ಖಾಲಿ. ಯುದ್ಧದ ಟ್ಯಾಂಕಿನ ಪುಟ್ಟ ಮಾದರಿ ಇದು, 1:35 ಅಳತೆ, ಅಂದರೆ ಅಸಲಿನ 35ರಲ್ಲಿ ಒಂದು ಪಾಲು; ಒಂದು ಗೇಣು ಉದ್ದವೂ ಇಲ್ಲ. ಇದಕ್ಕೆ ಮಹಾ ಎಷ್ಟು ಬಣ್ಣ ಬೇಕು ಅಂದುಕೊಂಡು ಹಳದಿಗೆ ಕಪ್ಪು ಬೆರೆಸಿದ್ದೆ. ಹಳದಿಗೆ ಕಪ್ಪು ಬಿದ್ದರೆ ಕೊಳಕು ಹಳದಿ ಆಗಬೇಕು, ಅಲ್ವಾ? ಆಗುವುದು ಆಲಿವ್ ಹಸಿರು! ಆ ಖುಷಿಯಲ್ಲಿ ಎಷ್ಟು ಹನಿಗೆ ಎಷ್ಟು ಹನಿ ಅಂತ ಬರೆದಿಡಲು ಮರೆತೆ. ಮರೆತೆ ಅನ್ನುವುದೂ ಸುಳ್ಳೇ. ಬರೆದಿಡುವ ಪೈಕಿಯವನೇ ಅಲ್ಲ ನಾನು.

ಮತ್ತೆ ಬೆರೆಸಲು ಕೂತೆ. ಕಪ್ಪಿನ ಬಾಟಲಿಯ ಮೂತಿ ಕಟ್ಟಿಕೊಂಡಿತ್ತು. ಒತ್ತಿದೆ, ಬರಲಿಲ್ಲ. ಜೋರಾಗಿ ಒತ್ತಿದೆ, ವರ್ಷಕ್ಕಾಗುವಷ್ಟು ಒಂದೇ ಸಲ ಬಂತು. ಕಪ್ಪು ಒಂದು ಹನಿಯಲ್ಲಿ ಮಾಡುವ ಅನಾಹುತವನ್ನು ಪಾಪದ ಹಳದಿ ಎಷ್ಟು ಹನಿ ಸುರಿದರೂ ಸರಿಮಾಡಲಾರದು. ಹಳದಿಯ 17 ಎಂ.ಎಲ್. ಬಾಟಲಿ ಬರಿದಾಗುವ ಹೊತ್ತಿಗೆ ಬಣ್ಣ ಅಂತೂ ಹೊಂದಿತು. ಬಳಿದೆ.

ಒಣಗಿದ ಮೇಲೆ ನೋಡಿದರೆ ಒಂದು ಕೈ ಜಾಸ್ತಿಯೇ ಕಪ್ಪಗಿದೆ. ನಾನು ಬಳಿಯುವ ಅಕ್ರಿಲಿಕ್ ಬಣ್ಣದ ಗುಣವೇ ಅದು. ಬಣ್ಣದ ಪುಡಿಯನ್ನು ಹಿಡಿದಿಡುವ ಅಂಟು ಹಸಿಯಿದ್ದಾಗ ಹಾಲಿನ ಹಾಗೆ ಬೆಳ್ಳಗಿರುತ್ತದೆ, ನೀರು ಆರಿದ ಮೇಲೆ ಗಾಜಿನ ಹಾಗೆ ತಿಳಿಯಾಗುತ್ತದೆ. ಬಿಳುಪು ಹೋದರೆ ಬಣ್ಣ ಗಾಢವಾಗದೆ ಇನ್ನೇನು? ಬೇರೆಯವರಿಗೆ ಹೇಳುವಾಗ ಇದೆಲ್ಲ ನನಗೆ ಚೆನ್ನಾಗಿಯೇ ನೆನಪಿರುತ್ತದೆ.

ಸ್ವಲ್ಪ ಪಕ್ಕಕ್ಕೆ ತೆಗೆದು ಇನ್ನೊಂದು ಕಂಪನಿಯ ತಿಳಿ ಹಸಿರು ಬೆರೆಸಿ ನೋಡಿದೆ. ಅದೂ ಅಕ್ರಿಲಿಕ್ಕೇ, ಆದರೆ ಆಲ್ಕೊಹಾಲ್ ಇರುವಂಥದ್ದು. ನೀರಿನಲ್ಲಿ ಕಲಸಿದ ನನ್ನ ಅಕ್ರಿಲಿಕ್ಕಿಗೂ ಅದಕ್ಕೂ ಆಗಿಬರಲಿಲ್ಲ. ನೆಗಡಿಯಾದ ಮಗುವಿನ ಮೂಗು ನೆನಪಾಗುವಂಥ ಲೋಳೆಯಾಯಿತು.

ಅಷ್ಟು ಹೊತ್ತಿನಿಂದ ಸುಮ್ನೆ ನೋಡುತ್ತಿದ್ದ ಮಗಳು ಕೇಳಿದಳು: "ಇಷ್ಟೊಂದು ಗಾಢ ಹಸಿರು ಉಳಿದಿದೆಯಲ್ಲಪ್ಪ, ಬಲಗಡೆಗೂ ಅದನ್ನೇ ಬಳಿದರೆ ಆಗಲ್ವಾ?"

ಆಗುತ್ತದೆ. ಆದರೆ ತಕ್ಷಣ ಒಪ್ಪುವುದು ಹೇಗೆ? ಹೊಂದಿಸುವುದೇ ಒಂದು ಕಲೆ ಅಂತ ಅರ್ಧ ಗಂಟೆ ವಿವರಿಸಿದೆ. ವಿವರಿಸಿ ತಿರುಗಿದರೆ ಪ್ಯಾಲೆಟ್ ಮೇಲಿನ ಬಣ್ಣ ಚಕ್ಕಳವಾಗಿತ್ತು. ಕೆಳಗೆ ಒದ್ದೆ ಸ್ಪಂಜು, ಅದರ ಮೇಲೆ ಕಾಗದ ಹಾಸಿದ್ದರೆ ದಿನವಿಡೀ ಹಸಿಯಾಗಿರುತ್ತಿತ್ತು. ಸ್ಪಂಜು ಇತ್ತು. ಒದ್ದೆ ಮಾಡಿರಲಿಲ್ಲ.

ಟ್ಯಾಂಕು ಈಗ ಕಪಾಟಿನಲ್ಲಿದೆ, ಎಡಗಡೆ ಗೋಡೆಗೆ. ಧೂಳು ಒರೆಸುವಾಗ ಯಾರಾದರೂ ತಿರುಗಿಸಿಟ್ಟರೆ, ಎದ್ದು ಹೋಗಿ ಸರಿಮಾಡಿ ಬರುತ್ತೇನೆ.