ಮಾವನ ಮಸ್ಟಾಂಗ್ ಮಾರ್ಬೇಕಂತೆ

ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಲ್ಲಿ ಈಗ ಒಂದೇ ಚರ್ಚೆ, ಮಾಟುಂಗದ ಮಾವ ಆ ಸ್ಪೋರ್ಟ್ಸ್ ಕಾರ್ ಯಾವಾಗ ಬಿಡೋದು ಅಂತ. ಮಾವನಿಗೆ 71. ಚಿಕ್ಕ ಹುಡುಗ ಆಗಿರುವಾಗ್ಲೇ ಊರಿಂದ ಮುಂಬೈಗೆ ಬಂದು, ಹಗಲಿಡೀ ಹೋಟೆಲಲ್ಲಿ ಟೇಬಲ್ ಒರೆಸಿ ರಾತ್ರಿ ಕನ್ನಡ ನೈಟ್ ಸ್ಕೂಲಿಗೆ ಹೋಗಿ, ಕೊನೆಗೆ ಸ್ವಂತ ಹೋಟೆಲ್ ಹಾಕಿದವ್ರು. ಅರವತ್ತು ದಾಟಿದ್ಮೇಲೆ ಸೆಕೆಂಡ್ ಹ್ಯಾಂಡಲ್ಲಿ ಕೆಂಪು ಮಸ್ಟಾಂಗ್ ತಗೊಂಡ್ರು, 2016ರಲ್ಲಿ ಫೋರ್ಡ್‌ನವ್ರು ಇಲ್ಲಿಗೆ ತಂದ್ರಲ್ಲ ಅದೇ, 5 ಲೀಟರಿನ ವಿ8, ಎಂಟು ಸಿಲಿಂಡರಿನ ಎಂಜಿನ್. ಸ್ಟಾರ್ಟ್ ಮಾಡಿದ್ರೆ ಸೊಸೈಟಿಯ ವಾಚ್‌ಮನ್ ಎದ್ದು ನಿಲ್ತಾನೆ, ಸ್ಪೀಡ್ ಬ್ರೇಕರ್ ಸಿಕ್ಕಿದ್ರೆ ಕೆಳಗೆ ತಾಗ್ತದಾ ಅಂತ ಕೂತವ್ರಿಗೆಲ್ಲ ಜೀವ ಕೈಯಲ್ಲಿ.

ಅದನ್ನು ಮಾರಿ ಅಂತ ಮಕ್ಕಳ ಹಠ. ಸರಿ, ಆದ್ರೆ ಅದೇ ಮಾವ ಬೆಳಿಗ್ಗೆ ನಾಲ್ಕಕ್ಕೆ ಎದ್ದು, ಕತ್ತಲಲ್ಲಿ, ಹೋಟೆಲಿನ ಈಕೋ ವ್ಯಾನ್ ತಗೊಂಡು ವಾಶಿ ಎಪಿಎಂಸಿಗೆ ತರಕಾರಿಗೆ ಹೋಗ್ತಾರೆ (ತರಕಾರಿ ತಾನೇ ಆರಿಸ್ಬೇಕು, ಬೇರೆಯವ್ರು ಆರಿಸಿದ್ರೆ ಸಾಂಬಾರಿಗೆ ರುಚಿ ಬರೋದಿಲ್ಲ ಅಂತ ಅವ್ರ ನಂಬಿಕೆ), ಸಂಜೆ ಮೊಮ್ಮಕ್ಕಳನ್ನು ಇನ್ನೋವಾದಲ್ಲಿ ಟ್ಯೂಷನ್‌ಗೆ ಬಿಡ್ತಾರೆ, ಅದಕ್ಕೆ ಯಾರದ್ದೂ ತಕರಾರಿಲ್ಲ! ಮಸ್ಟಾಂಗ್ ಹೊರಗೆ ಬರೋದು ಭಾನುವಾರ ಬೆಳಿಗ್ಗೆ, ಒಳ್ಳೆ ಬೆಳಕಲ್ಲಿ, ನವಿ ಮುಂಬೈ ಕಡೆ ಹೋಗೋ ಸಮುದ್ರದ ಸೇತುವೆ ಅಟಲ್ ಸೇತು ಮೇಲೆ. ಅಲ್ಲಿ ಬೈಕ್ ಇಲ್ಲ, ರಿಕ್ಷಾ ಇಲ್ಲ, ಎದುರಿಂದ ಯಾರೂ ಬರೋದಿಲ್ಲ. ಯಾವುದು ಜಾಸ್ತಿ ಡೇಂಜರ್ ಹೇಳಿ. ನನಗಂತೂ ಈಕೋ.

ಯಾಕಂದ್ರೆ ಮೊದ್ಲು ಕೈ ಕೊಡೋದು ಕಣ್ಣು, ಅದೂ ರಾತ್ರಿಯ ಕಣ್ಣು. ಇಪ್ಪತ್ತರ ಹುಡುಗನಿಗೆ ಸಾಕಾಗೋ ಬೆಳಕಿನ ಸುಮಾರು ಮೂರು ಪಟ್ಟು ಬೆಳಕು ಅರವತ್ತರವ್ರಿಗೆ ಬೇಕಾಗ್ತದೆ. ಪಾಪೆ ಸಣ್ಣದಾಗ್ತದೆ, ಒಳಗಿನ ಮಸೂರ ಹಳದಿ ಆಗ್ತದೆ, ಪೊರೆ ಶುರುವಾದ್ರೆ ಎದುರಿನ ಲಾರಿ ಹೆಡ್‌ಲೈಟ್ ಬಿದ್ದ ಮೇಲೆ ಸ್ವಲ್ಪ ಹೊತ್ತು ರೋಡೇ ಕಾಣೋದಿಲ್ಲ. ಇಂಗ್ಲೆಂಡಿನ ಪ್ರಿನ್ಸ್ ಫಿಲಿಪ್ ನೆನಪುಂಟಾ, 2019ರ ಜನವರಿಯಲ್ಲಿ 97ನೇ ವಯಸ್ಸಲ್ಲಿ ಗಾಡಿ ಪಲ್ಟಿ ಮಾಡಿದ್ರಲ್ಲ, ಬಿಸಿಲು ಕಣ್ಣಿಗೆ ಹೊಡೆದು ಎದುರಿನ ಕಾರ್ ಕಾಣ್ಲಿಲ್ಲ ಅಂದ್ರು, ಮುಂದಿನ ತಿಂಗಳೇ ಲೈಸೆನ್ಸ್ ವಾಪಸ್ ಕೊಟ್ರು. ಅದು ಲ್ಯಾಂಡ್ ರೋವರ್, ಸ್ಪೋರ್ಟ್ಸ್ ಕಾರ್ ಅಲ್ಲ.

ಹಾಗಂತ ಮಸ್ಟಾಂಗ್ ಪಾಪದ್ದು ಅಂತಲ್ಲ. ಅದರ ಬಾನೆಟ್ ಉದ್ದ, ಸೀಟ್ ಕೆಳಗೆ, ಹಿಂದಿನ ಕಿಟಕಿ ಪಕ್ಕದ ಕಂಬ ದಪ್ಪ, ಕುತ್ತಿಗೆ ಪೂರ್ತಿ ತಿರುಗದವ್ರಿಗೆ ಪಕ್ಕದ ಬೈಕ್ ಕಾಣೋದೇ ಇಲ್ಲ. 100ರಲ್ಲಿ ಹೋಗುವಾಗ ಸೆಕೆಂಡಿಗೆ 28 ಮೀಟರ್ ಹತ್ರ ದಾಟ್ತದೆ, ಬ್ರೇಕಿಗೆ ಕಾಲು ಹೋಗ್ಲಿಕ್ಕೆ ಅರ್ಧ ಸೆಕೆಂಡ್ ಲೇಟಾದ್ರೆ 14 ಮೀಟರ್ ಹೋಯ್ತು. ಬ್ರೇಕ್ ಅಂತ ತಿಳ್ಕೊಂಡು ಎಕ್ಸಿಲರೇಟರ್ ಒತ್ತಿದ್ರೆ ಈಕೋ ಗೋಡೆಗೆ ಗುದ್ದಿ ನಿಂತೀತು, ವಿ8 ಗೋಡೆಯನ್ನೇ ಕರ್ಕೊಂಡು ಹೋಗ್ತದೆ. ಜಪಾನಲ್ಲಿ 2019ರಲ್ಲಿ 87ರ ಅಜ್ಜ ಒಬ್ರು ಹೀಗೇ ಪೆಡಲ್ ತಪ್ಪಿಸಿ ಟೋಕಿಯೋದಲ್ಲಿ ತಾಯಿ ಮಗು ಇಬ್ರ ಜೀವ ತೆಗೆದ್ರು. ಅಲ್ಲಿ 75 ದಾಟಿದವ್ರಿಗೆ ಲೈಸೆನ್ಸ್ ರಿನ್ಯೂ ಮಾಡುವಾಗ ನೆನಪಿನ ಟೆಸ್ಟ್ ಕೊಡ್ತಾರೆ, ತಾವಾಗಿ ಲೈಸೆನ್ಸ್ ಬಿಟ್ಟವ್ರಿಗೆ ಒಂದು ಕಾರ್ಡ್, ಅದು ತೋರಿಸಿದ್ರೆ ಸುಮಾರು ಕಡೆ ಬಸ್ಸಲ್ಲಿ ರಿಯಾಯ್ತಿ.

ನಮ್ಮಲ್ಲಿ? 55 ದಾಟಿದ್ರೆ 5 ವರ್ಷಕ್ಕೊಮ್ಮೆ ರಿನ್ಯೂ, 40 ದಾಟಿದ್ಮೇಲೆ ಫಾರ್ಮ್ 1ಎ ಅಂತ ಡಾಕ್ಟರ್ ಸರ್ಟಿಫಿಕೇಟ್ ಬೇಕು. ಮಾವನ ಸಂಗಡ ನಾನೇ ಹೋಗಿದ್ದೆ, ಡಾಕ್ಟರ್ ತಲೆ ಎತ್ತದೆ ಸೈನ್ ಹಾಕಿ ಫೀಸ್ ತಗೊಂಡ್ರು. ಇನ್ನೊಂದು ಫಾರ್ಮಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟ್ ಕಾಣ್ತದಾ, ರಾತ್ರಿ ಕುರುಡು ಉಂಟಾ ಅಂತೆಲ್ಲ ಪ್ರಶ್ನೆ ಉಂಟು, ಅದಕ್ಕೆ ಉತ್ತರ ಬರೆಯೋದು ನಾವೇ. ಯಾರು ಕಾಣೋದಿಲ್ಲ ಅಂತ ಬರೀತಾರೆ?

ವಯಸ್ಸಿಗೆ ಒಂದು ಗೆರೆ ಹಾಕಿ ಅಂತ ಭಾವ (ಮಾವನ ದೊಡ್ಡ ಮಗ) ಹೇಳ್ತಾರೆ, 70 ಆಯ್ತಾ, ಕೀ ಕೊಡು. ಹಾಲಿವುಡ್ ನಟ ಪಾಲ್ ನ್ಯೂಮನ್ 70ರಲ್ಲಿ, 1995ರಲ್ಲಿ, ಅಮೆರಿಕದ ಡೇಟೋನಾದ 24 ಗಂಟೆ ರೇಸಲ್ಲಿ ಮಸ್ಟಾಂಗ್ ಓಡಿಸಿದ ಟೀಮಲ್ಲಿದ್ದು ತನ್ನ ಕ್ಲಾಸ್ ಗೆದ್ದವ. ಮಾವ ಇದನ್ನು ದಿನಾ ಹೇಳ್ತಾರೆ. ಅಲ್ಲಿ ಅಡ್ಡ ಬರ್ಲಿಕ್ಕೆ ವಡಾಪಾವ್ ಗಾಡಿ ಇಲ್ಲ ಮಾವ ಅಂದ್ರೆ ಸಿಟ್ಟು. ಮತ್ತೆ 2024ರ ಮೇ ತಿಂಗಳಲ್ಲಿ ಪುಣೆ ಕಲ್ಯಾಣಿ ನಗರದಲ್ಲಿ ಪೋರ್ಷೆ ಗುದ್ದಿ ಇಬ್ರು ಎಂಜಿನಿಯರ್ ಮಕ್ಕಳು ಸತ್ರಲ್ಲ, ಆ ಕೇಸಲ್ಲಿ ಹಿಡಿದದ್ದು 17ರ ಹುಡುಗನನ್ನು, 300 ಪದದ ಪ್ರಬಂಧ ಬರಿ ಅಂತ ಬೇಲ್ ಕೊಟ್ಟದ್ದು ಇನ್ನೂ ಮರೆತಿಲ್ಲ ನಾನು. ಹಾಗಾಗಿ ಬರೀ ವಯಸ್ಸು ಹಿಡ್ಕೊಂಡು ಕೂತ್ರೆ ಏನೂ ಸಿಗೋದಿಲ್ಲ.

ನನ್ನ ಲೆಕ್ಕ ಇಷ್ಟೇ, ಯಾವ ಗಾಡಿ ಅಂತ ಕೇಳೋ ಮೊದ್ಲು ಕಣ್ಣು, ಕುತ್ತಿಗೆ, ಕಾಲು, ಮಾತ್ರೆ ಕೇಳಿ. ಇದರಲ್ಲಿ ಫೇಲಾದವ್ರಿಗೆ ಮಸ್ಟಾಂಗ್ ಬೇಡ ಅಂತಾದ್ರೆ ಇನ್ನೋವಾನೂ ಬೇಡ, ಅದ್ರಲ್ಲಿ ಮಕ್ಕಳು ಬೇರೆ ಕೂತಿರ್ತಾರೆ. ಮಾವನಿಗೆ ಶುಗರ್ ಉಂಟು, ಇಪ್ಪತ್ತು ವರ್ಷ ಮೇಲಾಯ್ತು. ತುಂಬ ವರ್ಷ ಶುಗರ್ ಇದ್ದವ್ರಿಗೆ ಅಂಗಾಲಿನ ಸ್ಪರ್ಶ ಹೋಗೋದುಂಟು, ಕಾಲು ಯಾವ ಪೆಡಲ್ ಮೇಲೆ ಉಂಟು ಅಂತ್ಲೇ ತಿಳಿಯೋದಿಲ್ಲ. ಇದನ್ನು ಗ್ರೂಪಲ್ಲಿ ಒಬ್ರೂ ಕೇಳಿಲ್ಲ, ಕೇಳಿದ್ದು ಓಎಲ್‌ಎಕ್ಸಲ್ಲಿ ಎಷ್ಟು ಬರ್ತದೆ ಅಂತ, ಬೇಸ್‌ಮೆಂಟಿನ ಪಾರ್ಕಿಂಗ್ ಯಾರಿಗೆ ಅಂತ.

ಮಕ್ಕಳ ಮಾತು ಕೇಳದ ಮಾವ ಅಳಿಯನ, ಅಂದ್ರೆ ಸೋದರಳಿಯ ನನ್ನ, ಮಾತು ಕೇಳ್ತಾರೆ, ಅಳಿಯಕಟ್ಟಿನವ್ರಲ್ವಾ, ನಮ್ಮಲ್ಲಿ ವಂಶ ಸೋದರಳಿಯನ ಕಡೆ ನಡೆಯೋ ಪದ್ಧತಿ. ಕೂತು ಮಾತಾಡಿದೆವು. ಈಕೋ ಕೀ ಮ್ಯಾನೇಜರಿಗೆ ಕೊಟ್ಟಾಯ್ತು, ಕತ್ತಲಾದ್ಮೇಲೆ ಯಾವ ಗಾಡಿಯೂ ಇಲ್ಲ, ದೀಪಾವಳಿಗೆ ಮೊದ್ಲು ಪೊರೆ ಆಪರೇಷನ್. ಅಂಗಾಲಿಗೆ ನೈಲಾನ್ ನೂಲು ತಾಗಿಸಿ ನೋಡೋ ಟೆಸ್ಟ್ ಮುಂದಿನ ವಾರ, ಅದ್ರಲ್ಲಿ ಗೊತ್ತಾಗ್ಲಿಲ್ಲ ಅಂದ್ರೆ ಮಸ್ಟಾಂಗ್, ಇನ್ನೋವಾ ಎರಡರ ಕೀಯೂ ಅವತ್ತೇ ಕೊಡ್ತೇನೆ ಅಂತ ಹೋಟೆಲಿನ ಬಿಲ್ ಬುಕ್ಕಿನ ಹಿಂದೆ ಅವ್ರೇ ಬರೆದು ಸೈನ್ ಹಾಕಿದ್ದಾರೆ. ಭಾವ ಈಗ್ಲೇ ಮಸ್ಟಾಂಗ್‌ಗೆ ಗಿರಾಕಿ ಹುಡುಕ್ಲಿಕ್ಕೆ ಶುರು ಮಾಡಿದ್ದಾರೆ. ಇನ್ನೋವಾ ಹೋದ್ರೆ ಮಕ್ಕಳನ್ನು ಟ್ಯೂಷನ್‌ಗೆ ಯಾರು ಬಿಡೋದು ಅಂತ ಕೇಳಿದೆ, ಇನ್ನೂ ಉತ್ತರ ಬಂದಿಲ್ಲ.