ಅಮ್ಮನ ಪಹಣಿ, ನಮ್ಮ ಕೌಂಟಿ ಕ್ಲರ್ಕ್

ಅಪ್ಪ ತೀರಿಕೊಂಡ ಮೇಲೆ ಜಮೀನನ್ನು ಅಮ್ಮನ ಹೆಸರಿಗೆ ಪೌತಿ ಖಾತೆ ಮಾಡಿಸಲೆಂದು ಕಳೆದ ಡಿಸೆಂಬರಿನಲ್ಲಿ ಊರಿಗೆ ಹೋಗಿದ್ದೆ. ಮರಣ ಪ್ರಮಾಣಪತ್ರ, ವಂಶವೃಕ್ಷ ಎಲ್ಲ ಕೊಟ್ಟು ಮೂರು ಸಲ ಅಲೆದಾದ ಮೇಲೆ ತಾಲ್ಲೂಕು ಕಚೇರಿಯಲ್ಲಿ ಸಿಕ್ಕ ಉತ್ತರ ಇಷ್ಟೇ: "ಸಾಹೇಬ್ರಿಗೆ ವರ್ಗ ಆಯ್ತು ಸಾರ್. ಹೊಸಬ್ರು ಚಾರ್ಜ್ ತಗೊಳ್ಳಲಿ, ನೋಡೋಣ." ಕಾಗದದ ಚೀಲ ಎದೆಗವಚಿಕೊಂಡು ಅಮ್ಮ "ಆಗಲಿ ಸ್ವಾಮಿ" ಅಂದಳು. ಆ "ಆಗಲಿ" ನನಗೆ ಇನ್ನೂ ಚುಚ್ಚುತ್ತಿದೆ.

ನಾನಿರುವುದು ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ಡಲ್ಲಾಸಿನ ಉತ್ತರಕ್ಕೆ, ಕಾಲಿನ್ ಕೌಂಟಿಯಲ್ಲಿ. ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು. ಇಲ್ಲಿ ಜಮೀನು, ಮನೆಯ ಕ್ರಯಪತ್ರಗಳನ್ನು ನೋಂದಾಯಿಸಿ ಕಾಪಾಡುವುದು ಕೌಂಟಿ ಕ್ಲರ್ಕ್. 2022ರ ನವೆಂಬರಿನಲ್ಲಿ ಮೊದಲ ಸಲ ವೋಟು ಹಾಕಲು ಹೋದಾಗ ಮೇಲೆ ಗವರ್ನರ್ ಹೆಸರುಗಳಿದ್ದವು, ಕೆಳಗಿಳಿದಂತೆ ಕೌಂಟಿ ಜಡ್ಜ್, ಆಮೇಲೆ ಈ ಕ್ಲರ್ಕ್. ಅಲ್ಲೇ ನಿಂತುಬಿಟ್ಟೆ. ದಾಖಲೆ ಇಡುವವರನ್ನೂ ನಾವೇ ಆರಿಸುವುದೇ! ಕೌಂಟಿಯ ಪೊಲೀಸ್ ಮುಖ್ಯಸ್ಥರಾದ ಷೆರಿಫ್, ತೆರಿಗೆ ವಸೂಲಿ ಮಾಡುವವರು ಕೂಡ ನಾಲ್ಕು ವರ್ಷಕ್ಕೊಮ್ಮೆ ನಮ್ಮ ಮುಂದೆ ಬಂದು ನಿಲ್ಲಲೇಬೇಕು. ಕೌಂಟಿ ಜಡ್ಜ್ ಅಂದರೆ ಹೆಸರಿಗೆ ನ್ಯಾಯಾಧೀಶರು. ದೊಡ್ಡ ಕೌಂಟಿಗಳಲ್ಲಿ ಅವರ ಕೆಲಸವೆಲ್ಲ ಆಡಳಿತವೇ. ನಾಲ್ವರು ಕಮಿಷನರ್‌ಗಳ ಜೊತೆ ಕೂತು ಬಜೆಟ್ಟು, ರಸ್ತೆ, ಜೈಲು ನೋಡಿಕೊಳ್ಳುತ್ತಾರೆ.

ಟೆಕ್ಸಾಸಿನಲ್ಲಿ ಇಂಥ ಕೌಂಟಿಗಳು 254. ರಾಜ್ಯದ ಜನಸಂಖ್ಯೆ 3 ಕೋಟಿಯ ಆಸುಪಾಸು. ಅದರ ಎರಡರಷ್ಟು ಜನರಿರುವ ನಮ್ಮ ಕರ್ನಾಟಕದಲ್ಲಿ, 2021ರಲ್ಲಿ ವಿಜಯನಗರ ಸೇರಿದ ಮೇಲೂ ಜಿಲ್ಲೆಗಳು 31. ನನ್ನ ತಕರಾರು ಸಂಖ್ಯೆಯ ಬಗ್ಗೆ ಅಲ್ಲ. ನಮ್ಮ ಡಿಸಿ ಕಚೇರಿಗಳ ಗೋಡೆಯ ಮೇಲೆ ಒಂದು ಹಲಗೆ ಇರುತ್ತದಲ್ಲ, ಹಿಂದಿನ ಅಧಿಕಾರಿಗಳ ಹೆಸರಿನ ಮುಂದೆ "ಇಂದ", "ವರೆಗೆ" ಎಂದು ತಾರೀಖು ಬರೆದದ್ದು? ಚಿಕ್ಕಂದಿನಲ್ಲಿ ಅಪ್ಪನ ಜೊತೆ ಹೋದಾಗ ಅದನ್ನೇ ಓದುತ್ತ ಕೂರುತ್ತಿದ್ದೆ. ಕೆಲವರದ್ದು ಎರಡು ವರ್ಷ, ಕೆಲವರದ್ದು ಏಳೇ ತಿಂಗಳು. ಅವರನ್ನು ಕಳಿಸುವುದೂ ಬೆಂಗಳೂರು, ಕರೆಸಿಕೊಳ್ಳುವುದೂ ಬೆಂಗಳೂರು. ಒಳ್ಳೆಯವರು ಬಂದರೆ ನಮ್ಮ ಪುಣ್ಯ, ಹೋದರೆ ಕರ್ಮ. ನಡುವೆ ನಮ್ಮ ಮಾತಿಗೆ ಜಾಗವೇ ಇಲ್ಲ.

ಹಾಗಂತ ಜಿಲ್ಲೆ ನಡೆಸುವವರನ್ನು ನಾವೇ ಆರಿಸುವುದು ನಮಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು, ಅದೇ ಹೊಟ್ಟೆ ಉರಿಸುವುದು. ಪಂಚಾಯತ್ ರಾಜ್ ಸಚಿವರಾಗಿದ್ದ ನಜೀರ್ ಸಾಬರ ಕಾಲದಲ್ಲಿ 1983ರ ಜಿಲ್ಲಾ ಪರಿಷತ್ ಕಾಯ್ದೆ ಬಂತು, 1987ರಲ್ಲಿ ಚುನಾವಣೆ ನಡೆಯಿತು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ, ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಡಿಸಿಗಿಂತ ಹಿರಿಯ ಅಧಿಕಾರಿ. ದೇಶವೇ ನಮ್ಮ ಕಡೆ ನೋಡಿತ್ತು. ಅದೇ ರಾಜ್ಯದಲ್ಲಿ 2016ರಲ್ಲಿ ಗೆದ್ದ ಜಿಲ್ಲಾ ಪಂಚಾಯಿತಿ ಸದಸ್ಯರ ಅವಧಿ 2021ಕ್ಕೆ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯನ್ನೇ ಮಾಡಲಿಲ್ಲ. ಊರಿನಲ್ಲಿ ಕೇಳಿದರೆ, ಅದೊಂದು ನಷ್ಟ ಅಂತ ಯಾರೂ ಹೇಳಲಿಲ್ಲ.

ಇಲ್ಲಿಯದೆಲ್ಲ ಚೆನ್ನಾಗಿದೆ ಅನ್ನಲಾರೆ. ಅಷ್ಟುದ್ದದ ಮತಪತ್ರದಲ್ಲಿ ಅರ್ಧ ಹೆಸರು ನನಗೆ ಅಪರಿಚಿತ, ಪಕ್ಷ ನೋಡಿ ಒತ್ತುವವರೇ ಹೆಚ್ಚು. 2020ರ ಜನಗಣತಿಯಲ್ಲಿ 64 ಜನರಿದ್ದ ಲವಿಂಗ್ ಕೌಂಟಿಗೂ ಒಬ್ಬ ಜಡ್ಜ್, ಒಬ್ಬ ಷೆರಿಫ್ ಬೇಕು. ನನ್ನ ಗೆಳೆಯರೊಬ್ಬರು ಯಾವ ನಗರದ ಎಲ್ಲೆಗೂ ಸೇರದ ಕಡೆ ಮನೆ ತಗೊಂಡಿದ್ದಾರೆ. ಪಕ್ಕದ ಜಾಗದಲ್ಲಿ ಯಾರೋ ದೊಡ್ಡ ಗೋದಾಮು ಕಟ್ಟಲು ಹೊರಟರೆ, ಅಲ್ಲಿ ಏನು ಬರಬೇಕು, ಏನು ಬರಬಾರದು ಎಂದು ಗೊತ್ತುಮಾಡುವ ಅಧಿಕಾರ ಕೌಂಟಿಗೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದಕ್ಕಿಂತ ಕೆಳಗೆ ಹೋಗಿ ಕೇಳೋಣವೆಂದರೆ ಗ್ರಾಮ ಪಂಚಾಯಿತಿಯಂಥದ್ದೊಂದು ಅಲ್ಲಿಲ್ಲ.

ನಮ್ಮೂರಿನಲ್ಲಿದೆ. ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರು. ಮೊನ್ನೆ ಅಮ್ಮ ಫೋನಿನಲ್ಲಿ ಹೇಳಿದಳು: "ಹಿಂದಿನ ಬೀದಿ ಮೆಂಬರ್ ಇದಾಳಲ್ಲ, ಅವಳೇ ನನ್ನ ಕರ್ಕೊಂಡು ಹೋಗಿದ್ಲು ಕಣೋ. ಹೊಸ ಸಾಹೇಬ್ರ ಹತ್ರ ನಿಂತು ಮಾತಾಡಿದ್ಲು. ಸೋಮವಾರ ಮತ್ತೆ ಬರ್ತೀನಿ ಅಂದಿದಾಳೆ."