ಬೀಗರು ಪಕ್ಕದ ಮನೆಯಲ್ಲಿ ಇರಬಾರದಂತೆ!

ಮೊನ್ನೆ ರಾತ್ರಿ ನಿದ್ದೆ ಬರಲಿಲ್ಲ. ಬಿಮಲ್ ರಾಯ್ ಅವರ 1955ರ ‘ದೇವದಾಸ್’ ಹಾಕಿಕೊಂಡು ಕೂತೆ. ದಿಲೀಪ್ ಕುಮಾರ್, ಸುಚಿತ್ರಾ ಸೇನ್, ವೈಜಯಂತಿಮಾಲಾ. ಅಮ್ಮನೂ ಬಂದು ಚಾಪೆ ಹಾಸಿಕೊಂಡಳು. ಪಕ್ಕದ ಮನೆಯ ಪಾರ್ವತಿಯ ಜೊತೆ ದೇವದಾಸನ ಮದುವೆ ಮಾತು ಮುರಿದುಬಿದ್ದಾಗ ಅಮ್ಮ ಹೇಳಿದ್ದು: “ಒಂದು ಲೆಕ್ಕಕ್ಕೆ ಸರೀನೇ ಬಿಡು. ಪಕ್ಕದ ಮನೆಯಿಂದ ಸೊಸೆ ತಂದ್ರೆ, ನಾನು ಬೆಳಗ್ಗೆ ಬೈದದ್ದು ಮಧ್ಯಾಹ್ನದ ಊಟದೊಳಗೆ ತವರಿಗೆ ಮುಟ್ಟಿರುತ್ತೆ.”

ನಗು ಬಂತು. ಆದರೆ ಈ ಸಿನಿಮಾಕ್ಕೆ ಮೂಲವಾದ ಶರತ್‌ಚಂದ್ರರ 1917ರ ಬಂಗಾಳಿ ಕಾದಂಬರಿಯಲ್ಲಿ ಹುಡುಗನ ಮನೆಯವರು ಹೇಳುವುದೂ ಹೆಚ್ಚುಕಡಿಮೆ ಇದೇ. ಮನೆ ಪಕ್ಕದಲ್ಲೇ ಬೀಗರಾ, ಛೀ ಅಂತ. ಜೊತೆಗೆ ಇನ್ನೊಂದು ಕಾರಣ. ಪಾರ್ವತಿಯ ಮನೆಯವರು ತೆರ ತೆಗೆದುಕೊಂಡು ಹೆಣ್ಣು ಕೊಡುವ ಪೈಕಿ. ಎರಡೂ ಮನೆ ಬ್ರಾಹ್ಮಣರದ್ದೇ. ಆದರೂ ದೇವದಾಸನ ಮನೆಯವರಾದ ಜಮೀನ್ದಾರ ಮುಖರ್ಜಿಗಳಿಗೆ ಚಕ್ರವರ್ತಿ ಅನ್ನುವ ಮನೆತನದ ಪಾರ್ವತಿಯ ಕಡೆಯವರು ಹೆಣ್ಣು ಮಾರುವವರಾಗಿ ಕಂಡರು. ಗಂಡಿನ ಕಡೆಯವರು ಸೈಟು, ಕಾರು, ಚಿನ್ನ ಕೇಳಿಯೂ ‘ದೊಡ್ಡ ಮನೆತನ’ ಅನ್ನಿಸಿಕೊಳ್ಳುವ ಈ ಕಾಲದಲ್ಲಿ ಕೂತು ನೋಡಿದರೆ ತಮಾಷೆ ಅನ್ನಿಸುತ್ತೆ. ಆಗ ಹೆಣ್ಣಿನ ಕಡೆಯವರು ದುಡ್ಡು ತಗೊಂಡರೆ ಕೀಳು. ಈಗ ಗಂಡಿನ ಕಡೆಯವರು ತಗೊಂಡರೆ ಮರ್ಯಾದೆ!

ಹುಡುಗಿಯ ಅಪ್ಪನೂ ಕಡಿಮೆ ಇಲ್ಲ. ಅವಮಾನವಾಯಿತು ಅಂತ ಹಟಕ್ಕೆ ಬಿದ್ದು, ವಾರದೊಳಗೆ ಹಾತಿಪೋತಾ ಅನ್ನುವ ಊರಿನ ಜಮೀನ್ದಾರನನ್ನು ಗೊತ್ತು ಮಾಡಿದ. ಹೆಂಡತಿ ತೀರಿಕೊಂಡವನು, ಬೆಳೆದ ಮಕ್ಕಳಿರುವವನು. ಹಿರಿಮಗ ಹೊಸ ಅಮ್ಮನಿಗಿಂತ ದೊಡ್ಡವನು.

ನನಗೆ ಈ ಕಥೆಯಲ್ಲಿ ಮುಖ್ಯ ಅನ್ನಿಸುವುದು ಒಂದೇ ರಾತ್ರಿ. ಪಾರ್ವತಿ ನಡುರಾತ್ರಿ ಎದ್ದು, ಒಬ್ಬಳೇ ದೇವದಾಸನ ಕೋಣೆಗೆ ಹೋಗುತ್ತಾಳೆ. ಚಿಕ್ಕಂದಿನಲ್ಲಿ ದಿನಕ್ಕೆ ಹತ್ತು ಸಲ ಓಡಾಡಿದ ದಾರಿ ಅದು. ಅವನಿಗೆ ಮೊದಲು ಬರುವ ಚಿಂತೆ, ಯಾರಾದರೂ ನೋಡಿದರಾ ಅನ್ನೋದು. ಅವಳಿಗೆ ಆ ಭಯ ಇಲ್ಲ. ಮರ್ಯಾದೆ ಉಳಿಸುವುದು ಅವನ ಕೆಲಸ ಅಂತ ನಂಬಿ ಬಂದಿದ್ದಾಳೆ. ಅವನಿಗೆ ಅನ್ಯಾಯ ಆಗಬಾರದು ಅಂತ ಇದನ್ನೂ ಹೇಳಬೇಕು, ಅವನು ಅವಳನ್ನು ಮನೆವರೆಗೆ ಬಿಟ್ಟು ಬರುತ್ತಾನೆ. ಆದರೆ ಅಪ್ಪ ಬೈದ ಮೇಲೆ ಕಲ್ಕತ್ತಕ್ಕೆ ಹೋಗಿ, ನಿನ್ನ ಮೇಲೆ ನನಗೆ ಅಂಥಾ ಪ್ರೀತಿ ಏನೂ ಇರಲಿಲ್ಲ ಅನ್ನುವ ಅರ್ಥದ ಕಾಗದ ಬರೆಯುತ್ತಾನೆ. ಆಮೇಲೆ ಪಶ್ಚಾತ್ತಾಪ. ವಾಪಸ್ ಬಂದಾಗ ಅವಳು ಒಪ್ಪಲಿಲ್ಲ ಅಂತ ಗಾಳದ ಕೋಲಿನಿಂದ ಹಣೆಗೆ ಹೊಡೆಯುತ್ತಾನೆ. ಅದು ಪ್ರೀತಿಯ ಗುರುತಂತೆ!

ನಮ್ಮಲ್ಲಿ ಹುಡುಗಿ ಕೈಕೊಟ್ಟಳು ಅಂತ ಗಡ್ಡ ಬಿಟ್ಟವನೆಲ್ಲ ದೇವದಾಸ. ಕೈಕೊಟ್ಟವನು ದೇವದಾಸನೇ ಅನ್ನೋದು ಹೇಗೋ ಮರೆತೇಹೋಗಿದೆ.

2002ರಲ್ಲಿ ಸಂಜಯ್ ಲೀಲಾ ಬನ್ಸಾಲಿ ಮಾಡಿದ್ದನ್ನು ಥಿಯೇಟರಿನಲ್ಲೇ ನೋಡಿದ್ದೆ. ಶಾರುಖ್, ಐಶ್ವರ್ಯಾ, ಮಾಧುರಿ. ಬಾಯಿ ಬಿಟ್ಟುಕೊಂಡು ನೋಡಿದ್ದೆ, ಸುಳ್ಳು ಯಾಕೆ ಹೇಳಲಿ. ಪಾರ್ವತಿಯ ಅಮ್ಮನಾಗಿ ಕಿರಣ್ ಖೇರ್ ಖುಷಿಯಿಂದ ಕುಣಿದು, ಆಮೇಲೆ ಎಲ್ಲರೆದುರು ಅವಮಾನ ತಿನ್ನುವ ದೃಶ್ಯ ಈಗಲೂ ಕಣ್ಣಲ್ಲಿದೆ. ಆದರೆ ಅಲ್ಲಿ ಬಡವಿ ಪಾರೋಳ (ಪಾರ್ವತಿಯ) ಮನೆಗೂ ಬಣ್ಣದ ಗಾಜು. ಇಬ್ಬರದೂ ಅರಮನೆ. ಅರಮನೆಗಳಲ್ಲಿ ಇರುವವರು ಅಕ್ಕಪಕ್ಕದವರು ಹೇಗಾಗುತ್ತಾರೆ? ಸಾಲ ತಂದ ಸಕ್ಕರೆ, ಬೇಲಿ ಹಾರುವ ಮಕ್ಕಳು, ಕೆರೆ ದಂಡೆ, ಇವೆಲ್ಲ ಇದ್ದರೆ ತಾನೇ ಪಕ್ಕದ ಮನೆ?

ದೇವದಾಸನನ್ನು ಪ್ರೀತಿಸುವ ನರ್ತಕಿ ಚಂದ್ರಮುಖಿಯನ್ನೂ ಪಾರೋಳನ್ನೂ ಬನ್ಸಾಲಿ ಒಟ್ಟಿಗೆ ಕುಣಿಸಿದರು. ಬಿಮಲ್ ರಾಯ್ ಸಿನಿಮಾದಲ್ಲಿ ಇಬ್ಬರೂ ದಾರಿಯಲ್ಲಿ ಎದುರಾಗುತ್ತಾರೆ, ಅಷ್ಟೇ. ಒಬ್ಬಳು ಪಲ್ಲಕ್ಕಿಯಲ್ಲಿ, ಒಬ್ಬಳು ನಡೆದುಕೊಂಡು. ಮಾತಿಲ್ಲ. ನನಗೆ ಅದೇ ಜಾಸ್ತಿ ಇಷ್ಟ. ಅಂದ ಹಾಗೆ ಚಂದ್ರಮುಖಿಯ ಪಾತ್ರಕ್ಕೆ ಬಂದ ಪೋಷಕ ನಟಿ ಫಿಲ್ಮ್‌ಫೇರ್ ಪ್ರಶಸ್ತಿಯನ್ನು ವೈಜಯಂತಿಮಾಲಾ ಬೇಡ ಅಂದರು. ಚಂದ್ರಮುಖಿಯೂ ನಾಯಕಿಯೇ ಅನ್ನೋದು ಅವರ ವಾದ. ಸರಿಯಾಗೇ ಹೇಳಿದರು.

ಕೊನೆಗೆ ದೇವದಾಸ ಸಾಯಲು ಪಾರ್ವತಿಯ ಗಂಡನ ಮನೆ ಬಾಗಿಲಿಗೇ ಹೋಗುತ್ತಾನೆ. ರೈಲಿಳಿದು, ಎತ್ತಿನ ಗಾಡಿ ಹತ್ತಿ, ಕೆಟ್ಟ ರಸ್ತೆಯಲ್ಲಿ ದಾರಿಯುದ್ದಕ್ಕೂ ‘ಇನ್ನೆಷ್ಟು ದೂರ’ ಅಂತ ಕೇಳುತ್ತಾ. ಪಕ್ಕದ ಮನೆಗೆ ಹೋಗಿ ಹೆಣ್ಣು ಕೇಳಲು ಆಗದಿದ್ದವನು. ಅವಳು ಹೊರಗೆ ಓಡಿ ಬರುವ ಹೊತ್ತಿಗೆ ಗೇಟು ಮುಚ್ಚುತ್ತದೆ.

ನಾನು ಕಣ್ಣೊರೆಸಿಕೊಳ್ಳುತ್ತಿದ್ದೆ. ಅಮ್ಮ ಚಾಪೆ ಸುತ್ತುತ್ತಾ ಕೇಳಿದಳು: “ಅಲ್ಲಾ, ಆ ಗಾಡಿಯವನಿಗೆ ಬಾಡಿಗೆ ಯಾರು ಕೊಟ್ರು?”